‘ಫುಲ್ ಒರಿಜಿನಲ್’ ಅಂದರೆ ಏನು? ಹಳೇ ಸ್ಪೋರ್ಟ್ಸ್ ಕಾರಿನ ಬೆಲೆ ಮತ್ತು ನಮ್ಮೂರ ಯೆಜ್ಡಿ

ನಮ್ಮ ಬಳಗಾನೂರಿನ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಭತ್ತದ ರೇಟು, ಕಾಲುವೆ ನೀರು, ರಾಜಕೀಯದ ಜಗಳ ಇವೆಲ್ಲದರ ನಡುವೆ ಈಚೆಗೆ ಹಳೇ ಗಾಡಿಗಳ ಫೋಟೊಗಳೂ ಓಡಾಡುತ್ತಿವೆ. ಯೆಜ್ಡಿ ರೋಡ್‌ಕಿಂಗ್, ಜಾವಾ, ಆರ್‌ಎಕ್ಸ್ 100, ಅಪರೂಪಕ್ಕೊಮ್ಮೆ ಮಹೀಂದ್ರಾದ ಹಳೇ ಜೀಪು. ಫೋಟೊದ ಕೆಳಗೆ ಎರಡೇ ಪದ: ‘ಫುಲ್ ಒರಿಜಿನಲ್’. ಪಕ್ಕದಲ್ಲಿ ಒಂದು ರೇಟು, ಶೋರೂಮಿನ ಹೊಸ ಬೈಕಿಗಿಂತ ಜಾಸ್ತಿ. “ಇಷ್ಟು ರೊಕ್ಕ ಕೊಡಬಹುದೇನಣ್ಣ?” ಅಂತ ಸಿಂಧನೂರಿನ ಹುಡುಗನೊಬ್ಬ ಕೇಳಿದ. “ಒರಿಜಿನಲ್ ಅಂದ್ರ ಏನಂತ ಮೊದಲು ಮಾರೋನ್ನ ಕೇಳು” ಅಂದೆ. ಕೇಳಿದನಂತೆ. “ಒರಿಜಿನಲ್ ಅಂದ್ರ ಒರಿಜಿನಲ್ ರೀ” ಅನ್ನೋ ಉತ್ತರ ಬಂತಂತೆ.

ಈ ಪದವನ್ನು ಅಳೆದು, ತೂಗಿ, ಕೋರ್ಟಿನವರೆಗೂ ಎಳೆದು ಅದಕ್ಕೊಂದು ದರ ಕಟ್ಟಿದವರು ಯುರೋಪು, ಅಮೆರಿಕದ ಹಳೇ ಸ್ಪೋರ್ಟ್ಸ್ ಕಾರಿನ ವ್ಯಾಪಾರಸ್ಥರು. ಅಲ್ಲಿ ರೊಕ್ಕ ದೊಡ್ಡದು, ಹಂಗಾಗಿ ಒಂದೊಂದು ಬೋಲ್ಟಿನ ಮೇಲೂ ಜಗಳ ಆಗಿದೆ. ಆ ಜಗಳಗಳನ್ನು ಅರ್ಥ ಮಾಡಿಕೊಂಡರೆ ನಮ್ಮೂರ ಯೆಜ್ಡಿಗೆ ಎಷ್ಟು ಕೊಡಬಹುದು ಅನ್ನೋದು ತಿಳಿಯುತ್ತೆ. ಯಾರ ಹಳೇ ಗಾಡಿ ‘ಪರಂಪರೆ’ ಆಗುತ್ತೆ, ಯಾರದ್ದು ಗುಜರಿಗೆ ಹೋಗುತ್ತೆ ಅನ್ನೋದೂ ತಿಳಿಯುತ್ತೆ. ಎರಡನೆಯದು ರಾಜಕೀಯದ ಪ್ರಶ್ನೆ. ನಾನು ಬರೆಯಲು ಕೂತಿದ್ದು ಅದಕ್ಕೇ.

ನಮ್ಮ ಪಕ್ಕದ ಹಟ್ಟಿಯಲ್ಲಿ ಚಿನ್ನ ತೆಗೀತಾರೆ. ಚಿನ್ನದ ವ್ಯವಹಾರ ಸಲೀಸು. ಒರೆಗೆ ಹಚ್ಚು, ತೂಕ ಹಾಕು, ಅವತ್ತಿನ ದರದಿಂದ ಗುಣಿಸು, ಮುಗೀತು. ಆ ಚಿನ್ನ ಯಾರ ಕೊರಳಲ್ಲಿತ್ತು, ಎಷ್ಟು ಸಲ ಕರಗಿ ಏನೇನಾಯಿತು ಅಂತ ಯಾವ ಅಕ್ಕಸಾಲಿಗನೂ ಕೇಳಲ್ಲ. ಹಳೇ ಕಾರು ಹಟ್ಟಿಯ ಚಿನ್ನಕ್ಕಿಂತ ಮಸ್ಕಿಯ ಬಂಡೆಗೆ ಹತ್ತಿರ. 1915ರಲ್ಲಿ ಸಿ. ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್ ಆ ಶಾಸನವನ್ನು ಕಂಡ. ಅಲ್ಲಿಯವರೆಗೆ ಬೇರೆ ಬೇರೆ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಸಿಗುತ್ತಿದ್ದ ರಾಜ ಅಶೋಕನೇ ಅನ್ನೋದಕ್ಕೆ ಕಲ್ಲಿನ ಮೇಲೆಯೇ ಸಾಕ್ಷಿ ಸಿಕ್ಕಿದ್ದು ಮಸ್ಕಿಯಲ್ಲಿ, ಏಕೆಂದರೆ ಅಲ್ಲಿ ಹೆಸರು ಕೆತ್ತಿತ್ತು. ಬರೀ ಕಲ್ಲಾಗಿ ನೋಡಿದರೆ ಆ ಬಂಡೆಗೆ ನಾಲ್ಕು ಟ್ರ್ಯಾಕ್ಟರ್ ಜಲ್ಲಿಯ ಬೆಲೆಯೂ ಬರಲಿಕ್ಕಿಲ್ಲ. ಅಕ್ಷರ ಮಾಸಿದೆ ಅಂತ ಯಾರಾದರೂ ಭಕ್ತಿಯಿಂದಲೇ ಉಳಿ ಹಿಡಿದು ಹೊಸದಾಗಿ ಕೆತ್ತಿದರೆ ಕಲ್ಲು ಅದೇ ಇರುತ್ತೆ, ಸಾಕ್ಷಿ ಮಾತ್ರ ಸತ್ತುಹೋಗುತ್ತೆ. ಕಾರಿನ ಲೋಕದ ಮುಕ್ಕಾಲು ಪಾಲು ಜಗಳ ಇದೇ ಮಾತಿನ ಸುತ್ತ ಇದೆ.

ಒಂದೇ ಕೊಟ್ಟಿಗೆ, ಎರಡು ತುಕ್ಕು ಕಾರು

2014ರಲ್ಲಿ ಜರ್ಮನಿಯ ಒಂದು ಹಳೇ ಕೊಟ್ಟಿಗೆಯಲ್ಲಿ ಎರಡು ಪೋರ್ಷೆ ಕಾರು ಸಿಕ್ಕವು. ಹಳೇ ವಸ್ತುಗಳನ್ನು ಹುಡುಕುವ ಟಿವಿ ಕಾರ್ಯಕ್ರಮವೊಂದರ ತಂಡ ಅಲ್ಲಿಗೆ ಹೋಗಿತ್ತು, ಅವರು ಪೋರ್ಷೆ ಮ್ಯೂಸಿಯಮ್ಮಿಗೆ ಫೋನ್ ಮಾಡಿದರು. ಎರಡೂ 911, ಎರಡೂ 1960ರ ದಶಕದವು, ಎರಡನ್ನೂ ತುಕ್ಕು ತಿಂದಿತ್ತು. ಒಂದರ ಮುಂದಿನ ಮಡ್‌ಗಾರ್ಡುಗಳೇ ಇರಲಿಲ್ಲ. ಹೊರಗಿನ ತಜ್ಞರೊಬ್ಬರನ್ನು ಕರೆಸಿ ಬೆಲೆ ಕಟ್ಟಿಸಿದಾಗ ಒಂದಕ್ಕೆ 14,500 ಯುರೋ, ಇನ್ನೊಂದಕ್ಕೆ 1,07,000 ಯುರೋ ಬಂತು. ಜಾಸ್ತಿ ಬೆಲೆ ಬಂದದ್ದು ಮಡ್‌ಗಾರ್ಡ್ ಇಲ್ಲದ ಕಾರಿಗೆ.

ಕಾರಣ ಅದರ ಚಾಸಿಸ್ ಸಂಖ್ಯೆ: 300 057. ಪೋರ್ಷೆ ಕಂಪನಿ 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಈ ಮಾದರಿಯನ್ನು ತೋರಿಸಿದಾಗ ಹೆಸರು 901 ಅಂತಿತ್ತು. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಫ್ರಾನ್ಸಿನ ಪೆಜೊ ತಕರಾರು ತೆಗೆಯಿತು. 1964ರ ಕೊನೆಗೆ 901 ಹೋಗಿ 911 ಬಂತು. ಅಷ್ಟರಲ್ಲಿ 901 ಅನ್ನೋ ಹೆಸರಿನಲ್ಲಿ ತಯಾರಾಗಿದ್ದು 82 ಕಾರು. ಕೊಟ್ಟಿಗೆಯ ಕಾರು ಅವುಗಳಲ್ಲೊಂದು. ಮ್ಯೂಸಿಯಮ್ಮಿನವರು ಮೂರು ವರ್ಷ ಕೂತು ರಿಪೇರಿ ಮಾಡಿ 2017ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟರು. ಇಲ್ಲದ ಭಾಗಗಳನ್ನು ಅದೇ ಕಾಲದ ಇನ್ನೊಂದು ಪೋರ್ಷೆಯಿಂದ ತಂದು ಜೋಡಿಸಿದರು.

ಈಗ ಕೇಳಿ: ಬೇರೆ ಕಾರಿನ ತಗಡು ಜೋಡಿಸಿದ ಮೇಲೂ ಅದು ಒರಿಜಿನಲ್ಲಾ?

ಪೇಟೆಯ ಉತ್ತರ ‘ಹೌದು, ಆದರೆ’ ಅಂತ ಶುರುವಾಗುತ್ತೆ. ಆ ‘ಆದರೆ’ಯ ಒಳಗೆ ಒಂದು ದೊಡ್ಡ ವಿದ್ಯೆಯೇ ಇದೆ. ಮೊದಲು ನಂಬರು. ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಮೂರರ ನಂಬರೂ ಕಾರ್ಖಾನೆಯ ದಾಖಲೆಯಲ್ಲಿ ಇದ್ದಂತೆಯೇ ಇದ್ದರೆ ಅದನ್ನು ‘ಮ್ಯಾಚಿಂಗ್ ನಂಬರ್ಸ್’ ಅಂತಾರೆ. ಪೋರ್ಷೆಯಲ್ಲಿ ಒಂದೊಂದು ಕಾರಿಗೂ ಕಾರ್ಡೆಕ್ಸ್ ಅನ್ನೋ ಚೀಟಿ ಇರುತ್ತಿತ್ತು. ಯಾವ ಬಣ್ಣ, ಯಾವ ಎಂಜಿನ್, ಯಾವ ಊರಿನ ಡೀಲರ್‌ಗೆ ಹೋಯಿತು, ಎಲ್ಲ ಅದರಲ್ಲಿ. 911ಕ್ಕಿಂತ ಮುಂಚಿನ 356 ಮಾದರಿಯಲ್ಲಂತೂ ಬಾಗಿಲು, ಬಾನೆಟ್ಟಿನ ಒಳಗಡೆ ಚಾಸಿಸ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಒತ್ತಿರುತ್ತಿದ್ದರು. ಬಾಗಿಲು ತೆಗೆದು ಆ ಅಂಕಿ ನೋಡಿದರೆ ಸಾಕು, ಬಾಗಿಲು ಅದೇ ಕಾರಿನ ಜೊತೆ ಹುಟ್ಟಿದ್ದೋ ಆಮೇಲೆ ಬಂದ ಸೊಸೆಯೋ ಗೊತ್ತಾಗುತ್ತೆ.

ಆಮೇಲೆ ತಗಡು. ಅಯಸ್ಕಾಂತ ಹಿಡಿದು ಸವರುತ್ತಾರೆ, ಪೇಸ್ಟ್ ಮೆತ್ತಿದ ಕಡೆ ಅದು ಹಿಡಿಯಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇಡುತ್ತಾರೆ. ಕಾರ್ಖಾನೆಯ ವೆಲ್ಡಿಂಗ್ ಚುಕ್ಕಿಗಳು ಒಂದೇ ಅಂತರದಲ್ಲಿ ಇವೆಯಾ ನೋಡುತ್ತಾರೆ. ಗಾಜಿನ ಮೂಲೆಯ ಗುರುತು, ಸೀಟಿನ ಕೆಳಗಿನ ಬಟ್ಟೆ, ಸ್ಕ್ರೂಗಳ ತಲೆ, ಯಾವುದನ್ನೂ ಬಿಡಲ್ಲ. ನಮ್ಮ ಕಡೆ ದನ ಕೊಳ್ಳುವಾಗ ಹಲ್ಲು ಬಿಡಿಸಿ, ಬಾಲ ಎತ್ತಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರಲ್ಲ, ಅದೇ ಕೆಲಸ, ಟಾರ್ಚ್ ಹಿಡಿದು.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸಿದ್ದು ಕಾರ್ಬ್ಯುರೇಟರಿನ ಕತೆ. ಮೊದಮೊದಲ 911ಗಳಿಗೆ ಸೋಲೆಕ್ಸ್ ಕಾರ್ಬ್ಯುರೇಟರ್ ಇತ್ತು, ಅದು ಕಾಟ ಕೊಡುತ್ತಿತ್ತು. 1966ರಲ್ಲಿ ಕಂಪನಿಯೇ ಅದನ್ನು ಬಿಟ್ಟು ವೆಬರ್ ಹಾಕತೊಡಗಿತು. ಹಳೇ ಕಾರು ಇಟ್ಟುಕೊಂಡಿದ್ದ ಬುದ್ಧಿವಂತರೂ ಸೋಲೆಕ್ಸ್ ಕಿತ್ತು ವೆಬರ್ ಕೂರಿಸಿಕೊಂಡರು, ಕಾರು ಚೆನ್ನಾಗಿ ಓಡಿತು. ಐವತ್ತು ವರ್ಷದ ನಂತರ ಪೇಟೆಯಲ್ಲಿ ಆ ಕೆಟ್ಟ ಸೋಲೆಕ್ಸಿಗೇ ಬೆಲೆ! ಕಾರನ್ನು ಓಡಿಸಿದವನು, ಓಡಿಸಲಿಕ್ಕೆಂದು ಸುಧಾರಿಸಿದವನು ನಷ್ಟಕ್ಕೆ ಬಿದ್ದ. ತೊಂದರೆ ಕೊಡುತ್ತೆ ಅಂತ ಮೂಲೆಗೆ ತಳ್ಳಿ ಮರೆತವನು ಗೆದ್ದ. ಇದನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಡೆಯ ಗಾಡಿಗಳ ಮಾತು ಬಂದಾಗ ಬೇಕಾಗುತ್ತೆ.

ಕೋರ್ಟಿಗೆ ಹೋದ ಬೆಂಟ್ಲಿ

‘ಒರಿಜಿನಲ್’ ಪದ ಇಂಗ್ಲೆಂಡಿನ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು 1990ರಲ್ಲಿ. ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’, ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನು 1929 ಮತ್ತು 1930ರಲ್ಲಿ, ಎರಡು ವರ್ಷ ಸತತವಾಗಿ ಗೆದ್ದ ಕಾರು. 1932ರಲ್ಲಿ ಅದಕ್ಕೆ ದೊಡ್ಡದಾದ 8 ಲೀಟರ್ ಎಂಜಿನ್ ಹಾಕಿ ಬ್ರೂಕ್‌ಲ್ಯಾಂಡ್ಸ್ ರೇಸಿಗೆ ಇಳಿಸಿದರು. ಅಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್ಫೀ ಸತ್ತ. ಆಮೇಲೆ ಅದೇ ಕಾರಿಗೆ ಬೇರೆ ಬಾಡಿ ಕಟ್ಟಿಸಿ ಓಡಿಸಿದರು. ಹೀಗೆ ಭಾಗಗಳು ಬದಲಾಗುತ್ತಾ ಬದಲಾಗುತ್ತಾ 1990ಕ್ಕೆ ಬಂದಾಗ 1929ರದ್ದು ಅಂತ ಉಳಿದಿದ್ದು ಬಹಳ ಕಡಿಮೆ. ಒಂದು ಕೋಟಿ ಪೌಂಡಿಗೆ ಕೊಳ್ಳುತ್ತೇನೆ ಅಂದಿದ್ದ ಕಂಪನಿ ಹಿಂದೇಟು ಹಾಕಿತು: “ಇದು ಆ ಕಾರೇ ಅಲ್ಲ.” ಮಾರಾಟಗಾರ ಕೋರ್ಟಿಗೆ ಹೋದ.

ನ್ಯಾಯಮೂರ್ತಿ ಆಟನ್ ಪದಗಳನ್ನು ಬಿಡಿಸಿ ಇಟ್ಟರು. ಕಾರ್ಖಾನೆಯಿಂದ ಬಂದಾಗಿನ ಭಾಗಗಳೇ ಇರಬೇಕು ಅನ್ನೋ ಅರ್ಥದಲ್ಲಿ ಇದು ‘ಮೂಲ’ ಕಾರಲ್ಲ. ಆದರೆ ಯಾವ ದಿನದಲ್ಲೂ ಈ ಕಾರಿನ ಬದುಕು ತುಂಡಾಗಿಲ್ಲ. ಭಾಗಗಳು ಒಂದೊಂದಾಗಿ ಬಂದು ಸೇರಿಕೊಂಡಿವೆ, ಆ ಕಾರು ಆ ಕಾರಾಗಿಯೇ ಮುಂದುವರಿದಿದೆ, ಆದ್ದರಿಂದ ಇದು ಅಸಲಿ ‘ಓಲ್ಡ್ ನಂಬರ್ ಒನ್’. ಮಾರಾಟಗಾರ ಗೆದ್ದ.

ಅಂದರೆ ಎರಡು ಅಳತೆಗೋಲು ಇವೆ. ಒಂದು ಭಾಗಗಳನ್ನು ಎಣಿಸುತ್ತೆ, ಇನ್ನೊಂದು ಬದುಕನ್ನು ಓದುತ್ತೆ. ಮೊದಲನೆಯದಕ್ಕೆ ಅಯಸ್ಕಾಂತ, ಟಾರ್ಚ್ ಸಾಕು. ಎರಡನೆಯದಕ್ಕೆ ಕಾಗದ ಬೇಕು: ಮಾರಾಟದ ಪತ್ರ, ರೇಸಿನ ಪಟ್ಟಿ, ಗ್ಯಾರೇಜಿನ ಬಿಲ್ಲು, ಹಳೇ ಫೋಟೊ. ಬೆಂಟ್ಲಿ ಗೆದ್ದಿದ್ದು ಅದರ ಕತೆಗೆ ಕಾಗದ ಇದ್ದದ್ದರಿಂದ. ಕಾಗದ ಇಟ್ಟುಕೊಳ್ಳಲಿಕ್ಕೆ ಮೊದಲು ಬೀರು ಬೇಕು, ಸೋರದ ಮನೆ ಬೇಕು. ನಮ್ಮಲ್ಲಿ ಎಷ್ಟೋ ಜನರ ಹೊಲದ ಪಟ್ಟಾ ಇಲಿ ತಿಂದು ಹೋಗಿದೆ, ಬೈಕಿನ ಬಿಲ್ಲು ಎಲ್ಲಿಂದ ಬರಬೇಕು?

ಇನ್ನು ಬೆಲೆ. ಫೆರಾರಿ 250 ಜಿಟಿಓ 1962ರಿಂದ 64ರವರೆಗೆ ತಯಾರಾಗಿದ್ದು 36 ಮಾತ್ರ. ಹೊಸದಿದ್ದಾಗ ಅಮೆರಿಕದಲ್ಲಿ ಅದರ ದರ 18,000 ಡಾಲರ್ ಆಸುಪಾಸು, 2018ರ ಹರಾಜಿನಲ್ಲಿ ಒಂದು ಹೋಗಿದ್ದು 4.84 ಕೋಟಿ ಡಾಲರ್‌ಗೆ. 2022ರಲ್ಲಿ ಮರ್ಸಿಡಿಸ್ ತನ್ನ ಬಳಿಯೇ ಇದ್ದ 300 ಎಸ್‌ಎಲ್‌ಆರ್ ಕೂಪೆಯನ್ನು ಮಾರಿತು. ಇರುವುದೇ ಎರಡು. ಬಂದದ್ದು 13.5 ಕೋಟಿ ಯುರೋ, ಅವತ್ತಿನ ಲೆಕ್ಕದಲ್ಲಿ 1,100 ಕೋಟಿ ರೂಪಾಯಿ ಆಸುಪಾಸು. ಇಂಥ ಸುದ್ದಿ ಓದಿ ನಮ್ಮ ಮನೆಯ ಹಿತ್ತಲಿನ ಗಾಡಿಗೂ ಬಂಗಾರದ ಕಾಲ ಬಂತು ಅಂದುಕೊಳ್ಳೋರು ಒಂದು ವಿಷಯ ಮರೀತಾರೆ. ಈ ದರವನ್ನು ಕಾರಿನ ವಯಸ್ಸು ನಿರ್ಧರಿಸಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಶ್ರೀಮಂತರಿಗೆ ಬೇಕು, ಆ ಕಾರು ಮಾಲೀಕನನ್ನು ಯಾವ ಪಂಗಡಕ್ಕೆ ಸೇರಿಸುತ್ತೆ, ಇದರ ಮೇಲೆ ನಿಂತಿದೆ. ಮೊದಮೊದಲ 911ಗಳ ಬೆಲೆಗೂ ಇಂಥದ್ದೇ ಕಾರಣ ಒಂದಿದೆ: ಯುರೋಪಿನ ಹಳೇ ಕಾರಿನ ರೇಸುಗಳಲ್ಲಿ 1965ರ ಕೊನೆಯವರೆಗಿನ ಕಾರುಗಳಿಗೆ ಪ್ರತ್ಯೇಕ ವರ್ಗ ಇದೆ. ಒಂದೇ ಮಾದರಿ, 1965ರಲ್ಲಿ ಹುಟ್ಟಿದರೆ ಒಳಗೆ, 1966ರಲ್ಲಿ ಹುಟ್ಟಿದರೆ ಹೊರಗೆ. ನಮ್ಮಲ್ಲಿ ಸರ್ಕಾರಿ ನೌಕರಿಗೆ ವಯೋಮಿತಿ ಒಂದು ದಿನ ದಾಟಿದ ಹಾಗೆ.

ಜಾಹೀರಾತಿನ ರೇಟು ಬೇರೆ, ಕೈ ಬದಲಾದ ರೊಕ್ಕ ಬೇರೆ. ಫೋಟೊ ಕೆಳಗಿನ ರೇಟು ಮಾರೋನ ಆಸೆ ಅಷ್ಟೇ.

ನಮ್ಮ ಕಡೆ ಯಾಕೆ ‘ಒರಿಜಿನಲ್’ ಸಿಗಲ್ಲ

ಭಾರತದಲ್ಲಿ ಬಹುಕಾಲ ವಿದೇಶಿ ಕಾರು ತರುವುದೇ ಕಷ್ಟ ಇತ್ತು. ರಾಯಭಾರ ಕಚೇರಿಯವರು ಬಿಟ್ಟುಹೋದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಕೈ ಬದಲಾಗುತ್ತಿದ್ದವು. ಅಸಲಿ ಸ್ಪೋರ್ಟ್ಸ್ ಕಾರು ನೋಡಬೇಕಾದರೆ ಅರಮನೆಗೋ ಕಾಫಿ ಎಸ್ಟೇಟಿಗೋ ಹೋಗಬೇಕು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮೂಲವಾದ ಬ್ರಿಟಿಷ್ ಹೆರಾಲ್ಡಿನ ಚಾಸಿಸ್ಸನ್ನೇ ಗಿಡ್ಡ ಮಾಡಿ ಅಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಮಾಡಿದರು. ನಮಗೆ ಸಿಕ್ಕಿದ್ದು ಹೆರಾಲ್ಡ್. ಇವತ್ತು ಕರ್ನಾಟಕದಲ್ಲಿ ಒಳ್ಳೇ ಹಳೇ ಕಾರುಗಳನ್ನು ಟಿಕೆಟ್ ಕೊಟ್ಟು ನೋಡಬೇಕು ಅಂದರೆ ಧರ್ಮಸ್ಥಳಕ್ಕೆ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ನಿಂತಾಗ ನನಗೆ ಸಂತೋಷವೂ ಆಗುತ್ತೆ, ಒಂದು ಕುತೂಹಲವೂ ಹುಟ್ಟುತ್ತೆ: ಇವುಗಳಲ್ಲಿ ನೊಗಕ್ಕೆ ಹೆಗಲು ಕೊಟ್ಟು ದುಡಿದ ಗಾಡಿ ಎಷ್ಟು?

ನಮ್ಮ ಕಡೆ ಗಾಡಿ ಬಂದದ್ದು ದುಡಿಯಲಿಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆಯ ಹಿಂದೆ ಗದ್ದೆ ಬಂತು, ಕ್ಯಾಂಪುಗಳು ಬಂದವು, ರೈಸ್ ಮಿಲ್ಲು ಬಂತು, ಜೀಪು ಬಂತು. ಪೆಟ್ರೋಲ್ ಕುಡೀತೈತಿ ಅಂತ ಜೀಪಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಹಿಂದಿನ ಬಾಡಿ ಉದ್ದ ಮಾಡಿದರು, ಜನ ಕೂರಲಿ ಅಂತ. ತಗಡು ತೂತಾದರೆ ಡ್ರಮ್ಮಿನ ತಗಡು ಕತ್ತರಿಸಿ ಬೆಸುಗೆ ಹಾಕಿದರು. ಸೋಲೆಕ್ಸ್ ಬಿಟ್ಟು ವೆಬರ್ ಹಾಕಿಕೊಂಡವರು ಮಾಡಿದ್ದೂ ಇದನ್ನೇ. ವ್ಯತ್ಯಾಸ ಏನಂದರೆ ಅವರ ಬದಲಾವಣೆಗೆ ರಸೀದಿ ಇದೆ, ‘ಆ ಕಾಲದ ಸುಧಾರಣೆ’ ಅನ್ನೋ ಗೌರವದ ಹೆಸರೂ ಇದೆ. ನಮ್ಮ ಮೇಸ್ತ್ರಿ ಮಾಡಿದ್ದಕ್ಕೆ ಜನ ಇಟ್ಟ ಹೆಸರು ‘ಜುಗಾಡ್’.

ದಾಖಲೆಯ ತೊಂದರೆ ಬೇರೆ. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ, ‘ಎಂವೈ’ಯಿಂದ ಶುರುವಾಗುವ ನಂಬರು. 1989ರ ನಂತರ ಕೆಎ, ನಮಗೆ ಕೆಎ-36. ಗಾಡಿ ಹಳೆಯದಾದಷ್ಟೂ ಅದರ ಕಾಗದ ಕಚೇರಿಯಿಂದ ಕಚೇರಿಗೆ ಅಲೆದಿರುತ್ತೆ. ಆರು ಕೈ ಬದಲಾದ ಗಾಡಿಯ ಆರ್‌ಸಿಯಲ್ಲಿ ಮೂರೇ ಹೆಸರು ಇರುವುದು ಇಲ್ಲಿ ಯಾರಿಗೂ ಆಶ್ಚರ್ಯದ ಮಾತಲ್ಲ.

ಈಗ ಕಾನೂನು ನೋಡಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅನ್ನೋ ಗುರುತು. ಷರತ್ತು ಏನಂದರೆ ಗಾಡಿ ಮೂಲರೂಪದಲ್ಲೇ ಇರಬೇಕು; ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ದಿನಬಳಕೆ ಇಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಂತ ಮಾತ್ರ ರಸ್ತೆಗೆ ಇಳಿಯಬಹುದು.

ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 13ರಂದು ಪ್ರಧಾನಿ ಗುಜರಿ ನೀತಿಗೆ ಚಾಲನೆ ಕೊಟ್ಟರು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600ರಿಂದ 5,000ಕ್ಕೆ, ಬೈಕಿನದು 300ರಿಂದ 1,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರು-ಜೀಪಿಗೆ 10,000, ಬೈಕಿಗೆ 2,000 ಅಂತ ಮತ್ತೆ ದುಪ್ಪಟ್ಟು ಮಾಡಿದರು. ಇದು ಐದು ವರ್ಷಕ್ಕೊಮ್ಮೆ ಕಟ್ಟೋದು. ಆಮದಾದ ಕಾರಿಗೆ 80,000.

ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಬಳಗಾನೂರಿನ ರೈತನ 20 ವರ್ಷ ದಾಟಿದ ಜೀಪಿಗೆ ಹತ್ತು ವರ್ಷಕ್ಕೆ 20,000, ಪ್ರತಿ ಹತ್ತು ವರ್ಷಕ್ಕೂ ಅಷ್ಟೇ. ಬೆಂಗಳೂರಿನ ಸಂಗ್ರಹಕಾರನ ಆಮದು ಸ್ಪೋರ್ಟ್ಸ್ ಕಾರು ಸಾಮಾನ್ಯ ನೋಂದಣಿಯಲ್ಲೇ ಇದ್ದರೆ ಹತ್ತು ವರ್ಷಕ್ಕೆ 1,60,000. ಅದೇ ಕಾರು ‘ವಿಎ’ ಆದರೆ ಮೊದಲ ಹತ್ತು ವರ್ಷಕ್ಕೆ 20,000, ಆಮೇಲೆ ಹತ್ತು ವರ್ಷಕ್ಕೆ 5,000. (ಬೈಕಿಗೆ ಲೆಕ್ಕ ಉಲ್ಟಾ. ಸಾಮಾನ್ಯ ನೋಂದಣಿಯಲ್ಲಿ ಹತ್ತು ವರ್ಷಕ್ಕೆ 4,000 ಸಾಕು, ‘ವಿಎ’ಗೆ 20,000.) ವಿಂಟೇಜ್ ಕಾರು ವರ್ಷಕ್ಕೆ ನಾಲ್ಕು ದಿನ ರಸ್ತೆಗೆ ಬರುತ್ತೆ, ಜೀಪು ದಿನಾ ಓಡುತ್ತೆ, ಹೊಗೆ ಬಿಡುತ್ತೆ ಅನ್ನೋ ವಾದ ಇದೆ, ಅದರಲ್ಲಿ ಹುರುಳೂ ಇದೆ. ಬ್ರೇಕ್ ಹಿಡಿಯದ ಗಾಡಿಗೆ ಎಫ್‌ಸಿ ಕೊಡಬೇಕು ಅಂತ ನಾನೂ ಹೇಳಲ್ಲ. ನನ್ನ ತಕರಾರು ‘ಮೂಲರೂಪ’ ಅನ್ನೋ ಷರತ್ತಿನ ಬಗ್ಗೆ. ದುಡಿದ ಗಾಡಿ ಮೂಲರೂಪದಲ್ಲಿ ಇರುವುದು ಸಾಧ್ಯವೇ ಇಲ್ಲ. ಷೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಗಾಡಿ ಮಾತ್ರ ಹಾಗಿರಲು ಸಾಧ್ಯ. ಬಾಡಿಗೆಗೆ ದುಡಿದದ್ದಾದರೆ ನಿಯಮದ ಬಾಗಿಲಲ್ಲೇ ತಡೆ. ಆಟನ್ ಸಾಹೇಬರ ಎರಡನೇ ಅಳತೆಗೋಲು ನಮ್ಮ ನಿಯಮದೊಳಗೆ ಬಂದಿದ್ದರೆ, ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ ಡೀಸೆಲ್ ಎಂಜಿನ್ ಹಾಕಿಸಿಕೊಂಡ 1960ರ ದಶಕದ ಜೀಪೂ ಈ ನಾಡಿನ ಚರಿತ್ರೆ ಅಂತ ನೋಂದಣಿಯಾಗುತ್ತಿತ್ತು. ಕಾಲುವೆ ಬಂದ ಮೇಲೆ ಈ ಸೀಮೆ ಹೇಗೆ ಬದಲಾಯಿತು ಅನ್ನೋದನ್ನು ಅರಮನೆಯ ಬೆಂಟ್ಲಿಗಿಂತ ಆ ಜೀಪು ಚೆನ್ನಾಗಿ ಹೇಳುತ್ತೆ.

ಹಾಗಾದರೆ ಯೆಜ್ಡಿಗೆ ಎಷ್ಟು?

ಯೆಜ್ಡಿ, ಜಾವಾ ನಮ್ಮ ರಾಜ್ಯದವೇ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಜಾವಾ ತಯಾರಾದವು, 1973ರಿಂದ ಯೆಜ್ಡಿ ಅನ್ನೋ ಹೆಸರು, 1996ಕ್ಕೆ ಬಾಗಿಲು ಹಾಕಿತು. ಆ ಹೆಸರು ಯಾರಿಗೆ ಸೇರಬೇಕು ಅನ್ನೋದೇ ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದ ವ್ಯಾಜ್ಯ. ಹೆಸರಿನ ಬೆಲೆ ಅಂಥದ್ದು.

ಮಾರೋನು ‘ವಿಂಟೇಜ್’ ಅಂದರೆ ನಗಬಹುದು. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ, ಮೊಟ್ಟಮೊದಲ ರೋಡ್‌ಕಿಂಗಿಗೂ 50 ತುಂಬೋದು 2028ಕ್ಕೆ. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ಅದಕ್ಕೆ ಇನ್ನೂ ದೂರ ಇದೆ.

ನೋಡುವ ಕ್ರಮ ಪೋರ್ಷೆಯದ್ದೇ. ಮೊದಲು ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಮಾರೋನು ತೋರಿಸಿದ ಆರ್‌ಸಿಯ ಝೆರಾಕ್ಸ್ ಸಾಲದು. ಆಮೇಲೆ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಂಕಿಗಳ ಸಾಲು ಡೊಂಕಾಗಿದ್ದರೆ, ಒಂದು ಅಂಕಿ ಆಳ ಇನ್ನೊಂದು ಮೇಲೆ ಇದ್ದರೆ, ಸುತ್ತಲಿನ ಲೋಹ ಗ್ರೈಂಡರ್ ಹಿಡಿದಂತೆ ತೆಳ್ಳಗಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ರೇಟು ಇಳಿಸಿದರೂ ಬೇಡ. ಅದು ಪೊಲೀಸ್ ಠಾಣೆಯ ದಾರಿ.

ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಅದು ಬೇರೆ ತರದ ಮಾತು. ಎಂಜಿನ್ ಹೋಯಿತು, ಇನ್ನೊಂದು ಹಾಕಿದರು, ಬರೆಸಲಿಲ್ಲ. ಮೋಸ ಇಲ್ಲದಿರಬಹುದು, ಆದರೆ ವರ್ಗಾವಣೆಯ ತಲೆನೋವು ನಿಮ್ಮದಾಗುತ್ತೆ, ರೇಟಿನಲ್ಲಿ ಅದನ್ನು ಕಳೆಯಿರಿ. ಹಳೇ ಜಾವಾದ ಗುರುತು ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್‌ನಲ್ಲಿ ಇರುವುದು, ಹೆಡ್‌ಲೈಟಿನ ಗೂಡಿನಲ್ಲೇ ಕೂತ ಮೀಟರು, ಟ್ಯಾಂಕಿನ ಪಕ್ಕದ ಕ್ರೋಮು, ಜಿಕೋವ್ ಕಾರ್ಬ್ಯುರೇಟರು. ಕಾರ್ಖಾನೆ ಮುಚ್ಚಿದ ಮೇಲೆ ಹೊರಗಡೆ ತಯಾರಾದ ಟ್ಯಾಂಕು, ಸೈಲೆನ್ಸರುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅವು ಇದ್ದರೆ ತಪ್ಪಲ್ಲ, ‘ಫುಲ್ ಒರಿಜಿನಲ್’ ಅಂತ ಹೇಳಿ ಅವುಗಳ ಮೇಲೆ ರೊಕ್ಕ ಕೇಳೋದು ತಪ್ಪು. ಹೊಳೆಯೋ ಹೊಸ ಪೇಂಟ್ ಕಂಡರೆ ನನಗೆ ಗುಮಾನಿ ಜಾಸ್ತಿ. ಮಾಸಿದ ಹಳೇ ಬಣ್ಣದ ಕೆಳಗೆ ಏನಿದೆ ಅಂತ ಕಾಣುತ್ತೆ, ಹೊಸ ಬಣ್ಣದ ಕೆಳಗೆ ಏನನ್ನು ಬೇಕಾದರೂ ಮುಚ್ಚಬಹುದು. ಮಸ್ಕಿಯ ಬಂಡೆಗೆ ಯಾರೂ ಪೇಂಟ್ ಹೊಡೆದಿಲ್ಲ ನೋಡಿ.

ಲೆಕ್ಕ ಹೀಗೆ ಹಾಕಿ. ಅದೇ ವರ್ಷದ, ಓಡುವ, ಕಾಗದ ಸರಿಯಿರುವ ಗಾಡಿ ನಿಮ್ಮ ಸುತ್ತಮುತ್ತ ಈಚೆಗೆ ಎಷ್ಟಕ್ಕೆ ಕೈ ಬದಲಾಯಿತು ಅಂತ ಕೊಂಡವರನ್ನು ಕೇಳಿ. ಮಾರಿದವರನ್ನು ಕೇಳಬೇಡಿ, ಅವರು ಏರಿಸಿ ಹೇಳ್ತಾರೆ. ಅದರಿಂದ ಬೋರಿಂಗ್, ಟಿಂಕರ್ ಕೆಲಸ, ಕ್ರೋಮು, ಟಯರು, ಮರುನೋಂದಣಿಯ ಖರ್ಚು ಕಳೆಯಿರಿ. ಉಳಿದದ್ದು ನಿಮ್ಮ ರೇಟು. ಎಲ್ಲ ಮೂಲ ಭಾಗ ಇರುವ, ಮೊದಲ ಮಾಲೀಕನ ಬಿಲ್ಲಿನಿಂದ ಕಾಗದ ಇರುವ ಗಾಡಿ ಸಿಕ್ಕರೆ ಮೇಲೆ ಇಷ್ಟು ಅಂತ ಕೊಡಬಹುದು, ಅದು ಅಪರೂಪ. ಭಾಗ ಬದಲಾದರೂ ಪ್ರಾಮಾಣಿಕವಾಗಿ ಬಿಡಿಸಿ ಹೇಳುವ ಮಾರಾಟಗಾರ ಸಿಕ್ಕರೆ ಅವನಿಗೂ ಸ್ವಲ್ಪ ಹೆಚ್ಚು ಕೊಡಲು ನನ್ನ ಅಭ್ಯಂತರವಿಲ್ಲ.

ಕೊಂಡ ಮೇಲೆ ಒಂದು ಫೈಲು ಇಡಿ. ಏನು ಬದಲಾಯಿಸಿದಿರಿ, ಯಾವ ಮೇಸ್ತ್ರಿ ಮಾಡಿದ, ಯಾವ ಊರು, ಕಿತ್ತ ಹಳೇ ಭಾಗ ಎಲ್ಲಿದೆ, ಎಲ್ಲ ಬರೆದಿಡಿ. ಬೆಂಟ್ಲಿಗೆ ಹೊಸ ಎಂಜಿನ್ ಕೂರಿಸಿದ ಕತೆ ತೊಂಬತ್ತು ವರ್ಷದ ನಂತರವೂ ಗೊತ್ತಿದೆ. ನಮ್ಮ ಗ್ಯಾರೇಜುಗಳಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದು, ಕಿವಿಯಿಂದಲೇ ಎಂಜಿನ್ನಿನ ರೋಗ ಹಿಡಿಯುವ ಹುಡುಗರ ಹೆಸರು ಯಾವ ಗಾಡಿಯ ಚರಿತ್ರೆಯಲ್ಲೂ ಇಲ್ಲ. ಬಿಲ್ಲು ಕೊಡಲಿಕ್ಕೆ ಅವರ ಹತ್ತಿರ ಪುಸ್ತಕ ಇರಲ್ಲ, ಲೆಕ್ಕ ಬರೆದುಕೊಡೋದು ಹರಿದ ಕ್ಯಾಲೆಂಡರಿನ ಹಿಂದೆ. ಅದರ ಮೇಲೆ ಸಹಿ ಹಾಕಿಸಿ ಫೋಟೊ ತೆಗೆದಿಟ್ಟುಕೊಳ್ಳಿ, ತಾರೀಕು ಕಾಣುವಂತಿರಲಿ.